ನಾಲ್ಕು ಎಂಜಿನ್, ಒಂದು ದೋಣಿ

ಕಾಪು ಪಡುವಿನ ಭೋಜ ಮೆಂಡನ್ ಮಲ್ಪೆಯ ಒಂದು ಟ್ರಾಲ್ ಬೋಟಿನ ತಾಂಡೇಲ. ಅಂದರೆ ಚುಕ್ಕಾಣಿ ಅವನ ಕೈಯಲ್ಲಿ, ಬಲೆ ಎಲ್ಲಿ ಬಿಡಬೇಕೆಂಬ ಮಾತೂ ಅವನದೇ. ವರ್ಷದಲ್ಲಿ ಅರವತ್ತೊಂದು ದಿನ ಮಾತ್ರ ಅವನಿಗೆ ಕೆಲಸವಿಲ್ಲ. ಜೂನ್ ಒಂದರಿಂದ ಜುಲೈ ಮುಗಿಯುವವರೆಗೆ ಯಂತ್ರದ ಬೋಟುಗಳು ಕಡಲಿಗೆ ಇಳಿಯಬಾರದು ಎಂದು ಸರಕಾರದ ನಿಯಮ. ಆ ಎರಡು ತಿಂಗಳು ಕೆಲವರು ಬಲೆ ದುರಸ್ತಿ ಮಾಡುತ್ತಾರೆ, ಕೆಲವರು ಬೋಟಿಗೆ ಬಣ್ಣ ಬಳಿಯುತ್ತಾರೆ, ಉಳಿದವರು ಹೊದ್ದು ಮಲಗುತ್ತಾರೆ. ಭೋಜ ನಾಲ್ಕು ಮಳೆಗಾಲ ಕೂತು ಕಂಪ್ಯೂಟರ್ ಗೇಮ್ ಮಾಡಿದ.

ನನಗೆ ಕಾಪು ಪೇಟೆಯಲ್ಲಿ ಮೊಬೈಲ್ ರಿಪೇರಿ ಮತ್ತು ಝೆರಾಕ್ಸ್ ಅಂಗಡಿ ಇದೆ. ಗೇಮುಗಳ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಆದರೆ ಸೋತವರು ಸಿಟ್ಟಿನಲ್ಲಿ ಎಸೆದ ಫೋನುಗಳು ನನ್ನಲ್ಲಿಗೇ ಬರುವುದರಿಂದ ಬಹಿರಂಗವಾಗಿ ಬಯ್ಯುವ ಹಾಗೂ ಇಲ್ಲ. ಭೋಜ ನನಗಿಂತ ಏಳೆಂಟು ವರ್ಷ ದೊಡ್ಡವನು, ಐವತ್ತರ ಹತ್ತಿರದವನು. ಅವನು ಮೊದಲ ಬಾರಿ ಬಂದು, "ಮನೀಶ, ಗೇಮ್ ಎಂಜಿನ್ ಅಂತ ಉಂಟಲ್ಲ, ಅದರಲ್ಲಿ ಯಾವುದು ಒಳ್ಳೆಯದು?" ಎಂದು ಕೇಳಿದಾಗ, ಇವನಿಗೆ ಕಡಲ ಬಿಸಿಲು ತಲೆಗೆ ಹತ್ತಿದೆ ಎಂದೇ ಎಣಿಸಿದ್ದೆ. ಅವನು ಮಾತಾಡಿದ್ದು ತುಳುವಿನಲ್ಲಿ. ಇಲ್ಲಿ ಬರುವ ಮಾತುಗಳನ್ನೆಲ್ಲ ನಾನು ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ.

ಕಾರಣ ತಿಳಿಯಬೇಕಾದರೆ ಅವನ ಸೋದರಮಾವ ಕಿಟ್ಟನ ಬಗ್ಗೆ ಹೇಳಬೇಕು. ಕಿಟ್ಟ ಮಾವನಿಗೆ ಈಗ ಎಪ್ಪತ್ತಾರು. ಜಿಪಿಎಸ್ ಇಲ್ಲದ ಕಾಲದಲ್ಲಿ ಸಣ್ಣ ದೋಣಿಯಲ್ಲಿ ಗಾಳ ಹಾಕಿ ಬದುಕಿದವರು. ಆಗಿನವರು ಕಡಲಲ್ಲಿ ಜಾಗ ಹಿಡಿಯುತ್ತಿದ್ದುದು ದಡದ ಗುರುತುಗಳನ್ನು ನೋಡಿ. ಕಾಪುವಿನ ದೀಪಸ್ತಂಭದ ಹಿಂದೆ ಸರಿಯಾಗಿ ಕುದುರೆಮುಖದ ತುದಿ ಬಂದರೆ ದೋಣಿ ಒಂದು ಗೆರೆಯಲ್ಲಿದೆ ಎಂದು ಅರ್ಥ. ಅದೇ ಹೊತ್ತಿಗೆ ಬಲಗಡೆ ಒಂದು ಮರ ಇನ್ನೊಂದು ಗುಡ್ಡಕ್ಕೆ ಜೋಡಿಯಾದರೆ ಅದು ಎರಡನೆಯ ಗೆರೆ. ಎರಡು ಗೆರೆ ಕೂಡುವಲ್ಲಿ ನೀರಿನ ಅಡಿಯಲ್ಲಿ ಏನಿದೆ ಎಂಬುದು ಬಲ್ಲವನಿಗೆ ಗೊತ್ತು. ಬೇರೆಯವರು ಬರಿಗೈಯಲ್ಲಿ ಬಂದ ದಿನವೂ ಕಿಟ್ಟ ಮಾವನ ದೋಣಿಯಲ್ಲಿ ದಪ್ಪ ದಪ್ಪ ಮುರು ಮೀನು ಇರುತ್ತಿತ್ತು. ಅದು ಕಲ್ಲಿನ ಸಂದಿಯಲ್ಲಿ ಇರುವ ಮೀನು. ಎಲ್ಲೋ ಒಂದು ಕಲ್ಲು ಇವರಿಗೊಬ್ಬರಿಗೇ ಗೊತ್ತಿದೆ ಎಂದು ಊರೆಲ್ಲ ಮಾತಾಡಿ, ಅದಕ್ಕೆ 'ಕಿಟ್ಟನ ಕಲ್ಲು' ಎಂದು ಹೆಸರೂ ಇಟ್ಟರು. ಹಿಂಬಾಲಿಸಿ ಹೋದವರನ್ನು ಇವರು ಪಡುಬಿದ್ರಿಯವರೆಗೆ ಸುತ್ತಿಸಿ, ಸಾಕು ಸಾಕೆನಿಸಿ ವಾಪಸ್ ಕರೆತರುತ್ತಿದ್ದರಂತೆ.

ಆ ಕಲ್ಲನ್ನು ಬಾಯಿಬಿಟ್ಟು ಹೇಳುವ ಕ್ರಮವಿಲ್ಲ. ಕಿಟ್ಟ ಮಾವನಿಗೆ ಅದನ್ನು ತೋರಿಸಿದ್ದು ಅವರ ಮಾವ. ತೋರಿಸಿದ್ದು ಮಾತ್ರ, ಹೇಳಿದ್ದಲ್ಲ. ಜೊತೆಗೆ ದೋಣಿಯಲ್ಲಿ ಕೂತವನು ತನ್ನ ಕಣ್ಣಲ್ಲಿ ಕಲಿಯಬೇಕು, ಅಷ್ಟೆ. ಹಾಗೆ ನೋಡಿದರೆ ಕಲಿಯಬೇಕಾಗಿದ್ದವನು ಅಳಿಯ ಭೋಜ. ಅವನು ಉಡುಪಿಯಲ್ಲಿ ಡೀಸೆಲ್ ಮೆಕ್ಯಾನಿಕ್ ಐಟಿಐ ಮುಗಿಸಿದವನೇ ದೊಡ್ಡ ಬೋಟು ಹತ್ತಿ ಹೋದ. ಮಾವನ ದೋಣಿಯಲ್ಲಿ ಒಂದು ದಿನವೂ ಕೂತವನಲ್ಲ. ಕಿಟ್ಟ ಮಾವ ಅದನ್ನು ಯಾರಲ್ಲೂ ಎತ್ತಿ ಆಡಲಿಲ್ಲ. ಆದರೆ ದೋಣಿ ಮಾರಿದ ದಿನ ಅಳಿಯನಿಗೆ ತಿಳಿಸಲೂ ಇಲ್ಲ. ನಾನಾಗಿದ್ದರೂ ತಿಳಿಸುತ್ತಿರಲಿಲ್ಲ.

ಆಮೇಲೆ ಮಣಿಪಾಲದ ಡಾಕ್ಟರು ಮಾವನ ಕಣ್ಣು ನೋಡಿ ಗ್ಲಾಕೋಮಾ ಎಂದರು. ಹೋದ ದೃಷ್ಟಿ ಹೋದದ್ದೇ, ಉಳಿದದ್ದನ್ನು ಮದ್ದು ಬಿಟ್ಟು ಕಾಪಾಡಿಕೊಳ್ಳಬೇಕು ಎಂದರು. ಆವತ್ತು ಭೋಜನಿಗೆ ಎಚ್ಚರವಾಯಿತು. ಅವನು ನನ್ನ ಅಂಗಡಿಯ ಸ್ಟೂಲಿನಲ್ಲಿ ಕೂತು ಲೆಕ್ಕ ಹಾಕಿದ್ದು ಹೀಗೆ: "ಮಾವ ಹೇಳುವುದಿಲ್ಲ, ತೋರಿಸಿಯಾರು. ತೋರಿಸಲಿಕ್ಕೆ ದೋಣಿ ಇಲ್ಲ. ಅವರ ಗುರುತಿನ ತಾಳೆಮರ ಕಡಿದು ಹದಿನೈದು ವರ್ಷ ಆಯಿತು. ಕಣ್ಣೂ ಹೋಗುತ್ತಾ ಉಂಟು. ಕಣ್ಣು ಹೋಗುವ ಮೊದಲು ಆ ಕಾಲದ ದಡ, ಆ ದೋಣಿ, ಆ ಮರ, ಎಲ್ಲ ನಾನೇ ಮಾಡಿ ಅವರ ಎದುರು ಇಡಬೇಕು ಮಾರಾಯ." ಇದು ಹುಚ್ಚೋ ಪ್ರಾಯಶ್ಚಿತ್ತವೋ ನನಗೆ ಆಗ ಗೊತ್ತಾಗಲಿಲ್ಲ.

ಗೇಮ್ ಎಂಜಿನ್ ಎಂದರೇನು ಎಂದು ನಾನೂ ಅವನಿಂದಲೇ ಕಲಿತೆ. ಚಿತ್ರ ತೋರಿಸುವುದು, ಅದನ್ನು ಓಡಿಸುವುದು, ಒಂದಕ್ಕೊಂದು ತಾಗಿದರೆ ತಿಳಿಯುವುದು, ಸದ್ದು ಹೊರಡಿಸುವುದು, ಇವೆಲ್ಲ ಎಲ್ಲ ಆಟಕ್ಕೂ ಬೇಕಾದವು. ಅದನ್ನು ಯಾರೋ ಮೊದಲೇ ಮಾಡಿಟ್ಟಿರುತ್ತಾರೆ. ನಮ್ಮ ಕಥೆಯನ್ನು ಅದರ ಮೇಲೆ ಕೂರಿಸಿದರಾಯಿತು. ದುಡ್ಡಿಲ್ಲದವರಿಗೂ ಎಟಕುವಂಥವು ನಾಲ್ಕಾರು ಇವೆ. ಭೋಜ ಯೂಟ್ಯೂಬ್ ನೋಡಿದ, ಕೋರ್ಸ್ ಮುಗಿಸಿ ಊರಿಗೆ ಹೊರಟ ಮಣಿಪಾಲದ ವಿದ್ಯಾರ್ಥಿನಿಯೊಬ್ಬಳಿಂದ ಹಳೆಯ ಲ್ಯಾಪ್‌ಟಾಪ್ ಕೊಂಡ, ಒಂದು ನೋಟ್‌ಬುಕ್ಕಿನಲ್ಲಿ ಮೂರು ಪ್ರಶ್ನೆ ಬರೆದುಕೊಂಡ. ಬೋಟಿನ ಎಂಜಿನ್ ಕೊಳ್ಳುವಾಗ ಕೇಳುವ ಪ್ರಶ್ನೆಗಳೇ ಅವು: ಎಷ್ಟು ಡೀಸೆಲ್ ಕುಡಿಯುತ್ತದೆ? ಸ್ಪೇರ್ ಮಲ್ಪೆಯಲ್ಲಿ ಸಿಗುತ್ತದಾ? ನಡುಕಡಲಲ್ಲಿ ಕೆಟ್ಟರೆ ನಾನೇ ಬಿಚ್ಚಬಹುದಾ?

ಮೊದಲ ಮಳೆಗಾಲ, ಎರಡು ಸಾವಿರದ ಇಪ್ಪತ್ತೆರಡರಲ್ಲಿ, ಅವನು ಹಿಡಿದದ್ದು ಅನ್‌ರಿಯಲ್. ಅದರ ನೀರನ್ನು ನೋಡಿ ಮರುಳಾಗಿದ್ದ. ನಿಜಕ್ಕೂ ನೀರೆಂದರೆ ನೀರೇ, ಬಿಸಿಲು ಬಿದ್ದಲ್ಲಿ ಹೊಳೆಯುತ್ತಿತ್ತು. ಆಟ ಮಾರಿ ಹತ್ತು ಲಕ್ಷ ಡಾಲರ್ ದಾಟಿದ ಮೇಲೆ ಮಾತ್ರ ನೂರಕ್ಕೆ ಐದು ಪಾಲು ಕೊಡಬೇಕಂತೆ. "ಅಷ್ಟು ಬಂದರೆ ನಾನೇ ಮನೆಗೆ ಹೋಗಿ ಕೊಟ್ಟು ಬರುತ್ತೇನೆ" ಎಂದ. ತೊಂದರೆ ಇದ್ದದ್ದು ಡೀಸೆಲಿನಲ್ಲಿ. ಡೌನ್‌ಲೋಡ್ ಆಗಲಿಕ್ಕೇ ಮೂರು ದಿನ, ತೆರೆಯಲಿಕ್ಕೆ ಒಂದು ಚಹಾ ಕುಡಿದು ಬರುವಷ್ಟು ಹೊತ್ತು. ಲ್ಯಾಪ್‌ಟಾಪ್ ಕಾವಲಿಯ ಹಾಗೆ ಬಿಸಿಯಾಗುತ್ತಿತ್ತು. ಭೋಜನ ಹೆಂಡತಿ ಕುಶಲಾ ಒಮ್ಮೆ ಮುಟ್ಟಿ ನೋಡಿ, "ಇದರ ಮೇಲೆ ಎರಡು ದೋಸೆ ಹೊಯ್ಯುತ್ತೇನೆ, ಗ್ಯಾಸ್ ಉಳಿಯುತ್ತದೆ" ಎಂದಳು. ದೊಡ್ಡ ಯಂತ್ರವಿದ್ದವನಿಗೆ ಅದು ಐರಾವತ. ಇವನದ್ದು ಆನೆ ಸಾಕಿದ ಬಡವನ ಕಥೆಯಾಯಿತು. ಜುಲೈ ಮುಗಿಯುವಾಗ ಅವನಲ್ಲಿದ್ದದ್ದು ಚಂದದ ನೀರು, ಅಷ್ಟೆ.

ಎರಡನೆಯ ಮಳೆಗಾಲಕ್ಕೆ ಅವನು ಯುನಿಟಿಗೆ ಬಂದ. ಇದಕ್ಕೆ ಸ್ಪೇರ್ ಎಲ್ಲಿ ಬೇಕಾದರೂ ಸಿಗುತ್ತಿತ್ತು. ಏನು ಸಂಶಯ ಬಂದರೂ ಯಾರೋ ಒಬ್ಬರು ಮೊದಲೇ ಕೇಳಿರುತ್ತಾರೆ, ಇನ್ನೊಬ್ಬರು ಉತ್ತರ ಕೊಟ್ಟಿರುತ್ತಾರೆ. ದೀಪಸ್ತಂಭ ನಿಂತಿತು, ದೋಣಿ ತೇಲಿತು, ಹಿಂದೆ ಗುಡ್ಡಗಳು ಸರಿದವು. ಭೋಜ ಅಂಗಡಿಗೆ ಬಂದು ಚಿತ್ರ ಪ್ರಿಂಟ್ ತೆಗೆಸಿಕೊಂಡು ಹೋದ. ಸೆಪ್ಟೆಂಬರಿನಲ್ಲಿ ಬೋಟು ಕಡಲಲ್ಲಿದ್ದಾಗ ಸುದ್ದಿ ಬಂತು: ಆಟ ಒಂದು ಮಟ್ಟಕ್ಕಿಂತ ಹೆಚ್ಚು ಗಳಿಸಿ ಹೆಚ್ಚು ಜನ ಹಾಕಿಕೊಂಡರೆ, ಮುಂದೆ ಹಾಕಿಕೊಂಡ ಒಂದೊಂದು ಪ್ರತಿಗೂ ಕಂಪನಿಗೆ ಶುಲ್ಕ. ಲೋಕದಲ್ಲೆಲ್ಲ ಗಲಾಟೆಯಾಗಿ, ಮರುವರ್ಷ ಅದನ್ನು ಕೈಬಿಟ್ಟರು. ಭೋಜನ ಆಟಕ್ಕೂ ಆ ಮಟ್ಟಕ್ಕೂ ನಡುವೆ, ಕುದುರೆಮುಖಕ್ಕೂ ಕಡಲಿಗೂ ಇದ್ದಷ್ಟು ದೂರ. ನಾನು ಅದನ್ನೇ ಹೇಳಿದೆ.

"ಶುಲ್ಕದ ಪ್ರಶ್ನೆ ಅಲ್ಲ ಮನೀಶ. ಬೋಟು ನಡುಕಡಲಲ್ಲಿ ಇರುವಾಗ ಎಂಜಿನ್ ಕೊಟ್ಟವನು ಮಾತು ಬದಲಿಸಬಾರದು" ಎಂದ. ನ್ಯಾಯವೇ. ಆದರೆ ಅವನ ಇನ್ನೊಂದು ಗುಣವೂ ಅದರಲ್ಲಿ ಅಡಗಿತ್ತು. ಮಲ್ಪೆಯ ಮೆಕ್ಯಾನಿಕ್‌ಗಳಿಗೆ ಮಳೆಗಾಲ ಬಂತೆಂದರೆ ಎಂಜಿನ್ ಇಳಿಸಿ ಪೂರಾ ಬಿಚ್ಚದಿದ್ದರೆ ಕೈ ತುರಿಸುತ್ತದೆ. ಸರಿ ಇದ್ದದ್ದನ್ನೂ ಬಿಚ್ಚುತ್ತಾರೆ. ಬೋಟಿಗೆ ಅದು ಒಳ್ಳೆಯದು. ಆಟಕ್ಕೆ ಅದೇ ಮುಳುವಾಯಿತು. ಪ್ರತಿ ಜೂನ್ ಒಂದಕ್ಕೆ ಭೋಜ ಹಿಂದಿನ ವರ್ಷದ್ದನ್ನು ಇಳಿಸಿ ಹೊಸ ಎಂಜಿನ್ ಕೂರಿಸಲು ಹೊರಡುತ್ತಿದ್ದ. ಇತ್ತ ಕಿಟ್ಟ ಮಾವನ ಕಣ್ಣು ಅವನಿಗಾಗಿ ಕಾಯುತ್ತಾ ಕೂತಿರಲಿಲ್ಲ.

ಮೂರನೆಯದು ಗೇಮ್‌ಮೇಕರ್. ಹಗುರ, ಕಲಿಯಲು ಸುಲಭ, ಮಾರಾಟಕ್ಕಲ್ಲದೆ ಮಾಡುವವರಿಗೆ ಪುಕ್ಕಟೆ. ಮಾರುವುದಾದರೆ ಒಂದೇ ಸಲ ದುಡ್ಡು ಕೊಟ್ಟರೆ ಮುಗಿಯಿತು. ಇಲ್ಲಿ ಅವನಿಗೆ ಒಂದು ಜ್ಞಾನೋದಯವೂ ಆಯಿತು. ಗುರುತು ಹಿಡಿಯಲು ಮೂರು ಆಯಾಮದ ಮಾಯಾಲೋಕ ಬೇಕಾಗಿಲ್ಲ. ಹಿಂದೆ ಗುಡ್ಡದ ಒಂದು ಪರದೆ, ಮುಂದೆ ದಡದ ಒಂದು ಪರದೆ. ದೋಣಿ ಸರಿದಾಗ ಮುಂದಿನದು ಬೇಗ, ಹಿಂದಿನದು ನಿಧಾನ ಸರಿಯಬೇಕು. ಭೂಪಟದಲ್ಲಿ ದೂರ ಅಳೆದು ಅದೇ ಪ್ರಮಾಣದಲ್ಲಿ ಸರಿಸಿದರೆ ಲೆಕ್ಕ ನಿಜದ ಕಡಲಿನದ್ದೇ. ಎರಡು ವರ್ಷ ಹೊಳೆಯುವ ನೀರಿನ ಹಿಂದೆ ಬಿದ್ದವನಿಗೆ ಇದು ಗೊತ್ತಾಗಲು ಮೂರನೆಯ ಮಳೆಗಾಲ ಬೇಕಾಯಿತು. ಕನ್ನಡದ ಒತ್ತಕ್ಷರಗಳು ಮಾತ್ರ ಕಳಚಿ ಪಕ್ಕಕ್ಕೆ ಬಂದು ನಿಲ್ಲುತ್ತಿದ್ದವು. ಅದು ಎಂಜಿನ್ನಿನ ದೋಷವೋ ಇವನ ಕೈಗುಣವೋ, ನಾನು ಹೇಳಲಾರೆ.

ಆ ವರ್ಷ ಜುಲೈಯಲ್ಲಿ ಅವನು ಮಾವನನ್ನು ಲ್ಯಾಪ್‌ಟಾಪಿನ ಎದುರು ಕೂರಿಸಿದ. ಕಿಟ್ಟ ಮಾವ ಬಹಳ ಹೊತ್ತು ನೋಡಿದರು.

"ದೀಪಸ್ತಂಭ ಉಂಟು" ಎಂದರು.

"ಹಿಂದೆ ಗುಡ್ಡ ಕಾಣುವುದಿಲ್ವಾ ಮಾವ?"

"ಗುಡ್ಡ ನೋಡಿದರೆ ದೀಪಸ್ತಂಭ ಇಲ್ಲ. ಅದು ನೋಡಿದರೆ ಇದು ಇಲ್ಲ." ಪರದೆಯ ಅಂಚಿಗೆ ಕಣ್ಣು ಸರಿಸಿ, "ಬಲಗಡೆ ಹೊಗೆಯದ್ದು ಎಂತ ಅದು?" ಎಂದರು.

ಅದು ಪಡುಬಿದ್ರಿ ಕಡೆಯ ವಿದ್ಯುತ್ ಸ್ಥಾವರದ ಚಿಮಣಿ. ಈಗಿನ ತಾಂಡೇಲರಿಗೆ ದೊಡ್ಡ ಗುರುತು. ಅಭ್ಯಾಸಬಲದಿಂದ ಭೋಜ ಅದನ್ನೂ ನಿಲ್ಲಿಸಿದ್ದ. "ನನ್ನ ಕಡಲಲ್ಲಿ ಅದು ಇರಲಿಲ್ಲ" ಎಂದು ಹೇಳಿ ಮಾವ ಎದ್ದರು. ಏಳುವಾಗ ಬಾಗಿಲಿನ ದಾರಂದಕ್ಕೆ ಭುಜ ಹೊಡೆಯಿತು. ಭೋಜ ಚಿಮಣಿಯನ್ನು ಅದೇ ದಿನ ಅಳಿಸಿದ. ಕಣ್ಣಿಗೆ ಏನು ಮಾಡುವುದೆಂದು ತಿಳಿಯದೆ, ಇನ್ನೂ ದೊಡ್ಡ ಪರದೆ ಬೇಕೆಂದು ನನ್ನಲ್ಲಿ ಟಿವಿಯ ಅಳತೆ ವಿಚಾರಿಸಿದ. ಆಗಸ್ಟ್ ಒಂದು ಬಂತು, ಬೋಟು ಹೊರಟಿತು. ಇನ್ನು ಹತ್ತು ತಿಂಗಳು ಏನೂ ಇಲ್ಲ.

ಕಳೆದ ವರ್ಷ ಮೇ ಕೊನೆಗೆ ಭೋಜ ಮಾವನನ್ನು ಮಣಿಪಾಲಕ್ಕೆ ತೋರಿಸಲು ಕರೆದೊಯ್ದಾಗ ಡಾಕ್ಟರು, ಒಂದು ಕಣ್ಣು ಬಹುತೇಕ ಮುಗಿಯಿತು, ಇನ್ನೊಂದರಲ್ಲಿ ನಡುವಿನಷ್ಟು ಮಾತ್ರ ಉಳಿದಿದೆ, ಅದು ಎಷ್ಟು ದಿನ ಎಂದು ಹೇಳಲಾರೆ ಎಂದರು. ಅದನ್ನು ಕೇಳಿ ಬಂದವನು ಜೂನ್ ಎರಡಕ್ಕೆ ಕೂತು ನಾಲ್ಕನೆಯ ಎಂಜಿನ್ ಡೌನ್‌ಲೋಡ್ ಮಾಡಿಕೊಳ್ಳುತ್ತಿದ್ದ. ಹೆಸರು ಗೋಡೋ. ಮೂರನೆಯದರಲ್ಲೇ ಮುಂದುವರಿದಿದ್ದರೆ ಬೇಗ ಮುಗಿಯುತ್ತಿತ್ತೆಂದು ನನಗೆ ಈಗಲೂ ಅನಿಸುತ್ತದೆ. ಹೇಳಿದರೆ ಕೇಳುವವನಲ್ಲ. ಕುಶಲಾ ಮಾತ್ರ ತಡೆಯದೆ ಕಿಟ್ಟ ಮಾವನ ಎದುರಿಗೇ ದೂರು ಕೊಟ್ಟಳು. ಮಾವ ಚಾವಡಿಯ ಬೆಂಚಿನಲ್ಲಿ ಕೂತು ಗಂಜಿ ಉಣ್ಣುತ್ತಿದ್ದರು. ತಲೆ ಎತ್ತದೆ ಕೇಳಿದರು:

"ಎಂಜಿನ್ ನಾಲ್ಕಾಯಿತು. ದೋಣಿ ಎಲ್ಲಿ ಭೋಜ?"

ಭೋಜನ ಮುಖ ಸಣ್ಣದಾಯಿತೆಂದು ಕುಶಲಾ ಆಮೇಲೆ ನನ್ನಲ್ಲಿ ಹೇಳಿದಳು, ಹೇಳುವಾಗ ಅವಳ ಮುಖವೂ ಸಣ್ಣದಾಗಿತ್ತು. ಆದರೆ ಆ ದಿನ ಅವಳು ಇನ್ನೊಂದನ್ನು ಗಮನಿಸಿದ್ದಳು. ಬಾಗಿಲಿನ ದಾರಂದ ಕಾಣದ ಮನುಷ್ಯ ಬೂತಾಯಿ ಮೀನಿನ ಕೂದಲಿನಂಥ ಮುಳ್ಳನ್ನು ಒಂದೂ ಬಿಡದೆ ತೆಗೆದಿಡುತ್ತಿದ್ದರು. ಅವಳು ಗಂಡನಿಗೆ, "ನೀವು ದೊಡ್ಡದು ಮಾಡುತ್ತಾ ಹೋದದ್ದೇ ತಪ್ಪು. ಅವರಿಗೆ ಬಟ್ಟಲಿನಷ್ಟು ಜಾಗ ಚೆನ್ನಾಗಿ ಕಾಣುತ್ತದೆ. ಬಟ್ಟಲಿನಷ್ಟೇ ಮಾಡಿ" ಎಂದಳು. ನಾಲ್ಕು ವರ್ಷ ಎಂಜಿನ್ ತೂಗಿ ನೋಡಿದವನಿಗೆ ತೂಗಬೇಕಾದದ್ದು ಏನೆಂದು ಹೇಳಿದ್ದು ಒಲೆಯ ಬದಿಯಲ್ಲಿದ್ದವಳು. ಬಟ್ಟಲಿನಷ್ಟು ಎಂದರೆ ಕೈಯಲ್ಲಿ ಹಿಡಿಯುವ ಫೋನು.

ಅಲ್ಲಿಂದ ಮುಂದೆ ಪ್ರಶ್ನೆ ಒಂದೇ ಉಳಿಯಿತು: ಅಗ್ಗದ ಫೋನಿನಲ್ಲಿ ಓಡುತ್ತದಾ? ಈ ಗೋಡೋ ಎಂಬುದು ಕೈಚೀಲದಷ್ಟು ಹಗುರ. ಪೂರ್ತಿ ಪುಕ್ಕಟೆ, ಯಾರಿಗೂ ಪಾಲಿಲ್ಲ, ಒಳಗಿನ ಬರವಣಿಗೆಯೆಲ್ಲ ತೆರೆದಿಟ್ಟದ್ದು. ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಒತ್ತಕ್ಷರ ಅಕ್ಷರದ ಕೆಳಗೇ ಕೂತಿತು. ಹಾಗೆಂದು ಹೂವಿನ ಹಾಸಿಗೆಯೇನಲ್ಲ. ಕಲಿಸುವ ವೀಡಿಯೊಗಳಲ್ಲಿ ಅರ್ಧಕ್ಕರ್ಧ ಹಳೆಯ ಆವೃತ್ತಿಯವು, ಅದರಂತೆ ಮಾಡಿದರೆ ಹೊಸದರಲ್ಲಿ ನಡೆಯುವುದಿಲ್ಲ. ಫೋನಿಗೆ ಹಾಕಲು ಬೇರೆ ಏನೇನೋ ಜೋಡಿಸಬೇಕು, ಅದರಲ್ಲೇ ನಾಲ್ಕು ದಿನ ಹೋಯಿತು. ದೊಡ್ಡ ಆಟ ಮಾಡುವವರು ಇದನ್ನು ಹಿಡಿಯುತ್ತಾರೋ ಇಲ್ಲವೋ, ಭೋಜನಿಗೆ ಬೇಕಾದದ್ದು ಒಂದು ದಡ, ಒಂದು ದೋಣಿ. ನನ್ನ ಅಂಗಡಿಯಲ್ಲಿ ಯಾರಿಗೂ ಬೇಡವಾಗಿ ಬಿದ್ದಿದ್ದ, ಗಾಜಿನ ಮೂಲೆ ಒಡೆದ ಫೋನನ್ನು ತೆಗೆದುಕೊಂಡು ಹೋದ. ಅದರಲ್ಲಿ ಓಡುವವರೆಗೆ ಅವನು ಬೇರೆ ಎಂಜಿನ್ನಿನ ಹೆಸರು ಎತ್ತಲಿಲ್ಲ.

ಜುಲೈ ಇಪ್ಪತ್ತೇಳು, ಆದಿತ್ಯವಾರ ಬೆಳಿಗ್ಗೆ. ಫೋನಿಗೆ ಯಾರದ್ದೂ ಕರೆ ಬಾರದಂತೆ, ಬೆಳಕು ಆರದಂತೆ ಸರಿಮಾಡಿ ಕೊಡಲು ನನ್ನನ್ನು ಕರೆದಿದ್ದರಿಂದ ನಾನೂ ಅಲ್ಲಿದ್ದೆ. ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ಕಿಟ್ಟ ಮಾವ ಬೆಂಚಿನಲ್ಲಿ ಕೂತು ಫೋನನ್ನು ಕೈ ಚಾಚಿ ಹಿಡಿದರು, ಹತ್ತಿರ ತಂದರು, ಮತ್ತೆ ಚಾಚಿದರು. ಒಂದು ಕಡೆ ಕೈ ನಿಂತಿತು.

"ತಾಳೆಮರ" ಎಂದರು.

ಭೋಜ ಉಸಿರಾಡಿದ್ದು ನನಗೆ ಕೇಳಿಸಿತು. ಹಳೆಯ ಮದುವೆ ಫೋಟೋ ಒಂದರ ಹಿನ್ನೆಲೆಯಲ್ಲಿ ಕಂಡ ಮರವನ್ನು ನೋಡಿ, ಅದರ ಬಾಗಿದ ಕುತ್ತಿಗೆಯ ಸಮೇತ ಬಿಡಿಸಿದ್ದ.

ಬೆರಳಿನಿಂದ ಒತ್ತಿದರೆ ದೋಣಿ ತಿರುಗುತ್ತದೆ ಎಂದು ಅವನು ಹೇಳಿಕೊಟ್ಟ. ಮಾವ ಸ್ವಲ್ಪ ದೂರ ಎಲ್ಲರಿಗೂ ಗೊತ್ತಿದ್ದ ದಾರಿಯಲ್ಲಿ ಹೋದರು. ಒಮ್ಮೆ ಗಾಳಿಯ ಬಗ್ಗೆ ಗೊಣಗಿದರು, ಆಟದಲ್ಲಿ ಗಾಳಿ ಇರಲಿಲ್ಲ. ಆಮೇಲೆ ಬೆರಳು ನಿಲ್ಲಿಸಿ ಫೋನನ್ನು ಎದೆಗೆ ಒತ್ತಿ ಹಿಡಿದುಕೊಂಡರು.

"ಮನೀಶ, ನೀನು ಸ್ವಲ್ಪ ಆಚೆ ನೋಡು."

ನನಗೆ ನಗುವೂ ಬಂತು, ಸ್ವಲ್ಪ ಬೇಸರವೂ ಆಯಿತು. ಗಾಳ ಹಿಡಿದೇ ಗೊತ್ತಿಲ್ಲದವನು ನಾನು, ಕಲ್ಲು ಗೊತ್ತಾಗಿ ಏನು ಮಾಡಿಯೇನು? ಆದರೂ ತಿರುಗಿ ಕೂತೆ. ಎದುರಿಗೆ ತೆಂಗಿನಮರಗಳು, ಅವುಗಳ ನಡುವೆ ಕೆಂಪು ನೀರಿನ ಕಡಲು.

"ನೀನು ಇಲ್ಲಿ ಕೂತುಕೋ" ಎಂದು ಮಾವ ಹೇಳಿದ್ದು ಕೇಳಿತು. "ಅಲ್ಲಿ ಅಲ್ಲ. ಹಿಂದೆ. ದೋಣಿಯಲ್ಲಿ ಕಲಿಯುವವನು ಹಿಂದೆ ಕೂರುವುದು."

ಬೆಂಚು ಕಿರುಗುಟ್ಟಿತು. ಐವತ್ತರ ತಾಂಡೇಲ, ಏಳೆಂಟು ಜನ ಅವನ ಮಾತು ಕೇಳುವ ಬೋಟಿನವನು, ಮಾವನ ಬೆನ್ನ ಹಿಂದೆ ಹೋಗಿ ಕೂತ. ಫೋನಿನಿಂದ ಹುಟ್ಟು ಹಾಕುವ ಸದ್ದು ಮಾತ್ರ ಬರುತ್ತಿತ್ತು. ಅದು ಒಮ್ಮೆ ವೇಗವಾಯಿತು, ಒಮ್ಮೆ ನಿಧಾನವಾಯಿತು, ಹಿಂದೆ ಬಂದ ಹಾಗಾಯಿತು, ಪುನಃ ಮುಂದೆ ಹೋಯಿತು. ಕುಶಲಾ ಚಹಾ ಹಿಡಿದು ಬಂದವಳು ಬಾಗಿಲಲ್ಲೇ ನಿಂತಳು. ಕೊನೆಗೆ ಸದ್ದು ನಿಂತಿತು.

"ಬಲೆ ಬಿಡಿ ಮಾವ. ಬಲಗಡೆಯ ಗುಂಡಿ."

"ಬಲೆಯಾ? ಹರಿಯಲಿಕ್ಕಾ?"

"ಹರಿಯುವುದಿಲ್ಲ ಮಾವ. ಅಲ್ಲಿ ನಾನು ಕಲ್ಲು ಗಿಲ್ಲು ಏನೂ ಇಟ್ಟಿಲ್ಲ. ಬರೀ ನೀರು."

"ನೀನು ಇಟ್ಟಿಲ್ಲ" ಎಂದರು ಕಿಟ್ಟ ಮಾವ.

ಮಳೆ ಜೋರಾಗಿ ಬಂದು ಹಂಚಿನ ಮೇಲೆ ಬಿತ್ತು. ನಾನು ತಿರುಗಲಿಲ್ಲ, ಆದರೆ ಭೋಜ ಮೂಗು ಎಳೆದದ್ದು ಮಳೆಯಲ್ಲೂ ಕೇಳಿತು.

"ಎಡಗಡೆ ನೋಡಿದೆಯಾ?" ಮಾವ ಕೇಳಿದರು.

"ನೋಡಿದೆ."

"ಬಲಗಡೆ?"

"ನೋಡಿದೆ ಮಾವ."

"ಬರೆದುಕೊಳ್ಳಬೇಡ. ಇನ್ನೊಮ್ಮೆ ನೋಡು. ಮೂವತ್ತು ವರ್ಷ ತಡ ಮಾಡಿ ಬಂದಿದ್ದಿ, ಸರಿಯಾಗಿ ನೋಡು."

ಅವನು ನೋಡಿದ. ಎಷ್ಟು ಹೊತ್ತು ನೋಡಿದನೆಂದರೆ ಕುಶಲಾಳ ಕೈಯಲ್ಲಿದ್ದ ಚಹಾ ಆರಿತು.

"ಮನೀಶ, ಇನ್ನು ಈಚೆ ತಿರುಗಬಹುದು" ಎಂದರು ಕಿಟ್ಟ ಮಾವ. ನಾನು ತಿರುಗಿದಾಗ ಅವರು ಫೋನನ್ನು ಭೋಜನ ಅಂಗೈಯಲ್ಲಿ ಇಟ್ಟು, ಅವನ ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮಡಚುತ್ತಿದ್ದರು. ನನಗೆ ಪರದೆ ಕಾಣುತ್ತಿರಲಿಲ್ಲ.